ಫೋಲ್ಡರ್ ಒತ್ತಿದರೆ ಹಾಡುತ್ತಿದ್ದ ಯಂತ್ರ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಇಂದುಲೇಖೆಯವರ ಮೂರು ಒಗಟು ಬಿಡಿಸಿ, ಅವರ ಕಂಪ್ಯೂಟರ್ ಸರಿಮಾಡಿದವನಿಗೆ ರಾಜಕುಮಾರಿಯೂ ಉಂಟು, ಅರ್ಧ ರಾಜ್ಯವೂ ಉಂಟು. ತಪ್ಪು ಹೇಳಿದವನ ತಲೆ ಹೋಗುತ್ತದೆ!" ಎಂದು ಹಂಸಾವತಿ ಪಟ್ಟಣದ ತುಂಬ ಡಂಗುರ ಸಾರಿದರು.

ಆಗಿದ್ದಿಷ್ಟು. ಪಕ್ಕದ ರಾಜ್ಯದಿಂದ ಸಂಧಿಪತ್ರ ಬಂದಿತ್ತು. ರಾಜಕುಮಾರಿ ಅದನ್ನು ಬ್ರೌಸರಿನಲ್ಲಿ ಇಳಿಸಿಕೊಂಡು, ತುಂಬಿದ ಸಭೆಯಲ್ಲಿ, ರಾಯಭಾರಿಯ ಎದುರಿಗೇ 'ಫೋಲ್ಡರ್ ತೋರಿಸು' ಎಂದು ಒತ್ತಿದಳು. ಫೋಲ್ಡರ್ ಎಲ್ಲಿ ಬಂತು? ಹಾಡು ಕೇಳಿಸುವ ಆಪ್ ತೆರೆದುಕೊಂಡು ಲಾವಣಿ ಶುರುಮಾಡಿತು! ರಾಯಭಾರಿ ಬಾಯಿಗೆ ಶಲ್ಯ ಅಡ್ಡ ಹಿಡಿದು ನಕ್ಕ. ರಾಜನಿಗೆ ತಲೆ ಎತ್ತಲಾಗದಂತಾಯಿತು. ರಾಜಕುಮಾರಿ ಮಾತ್ರ ವಾರಗಟ್ಟಲೆ ಕೂತು ಕಾರಣ ಕಂಡುಹಿಡಿದಳು. ಕಂಡುಹಿಡಿದವಳು ಹೇಳಿಬಿಡಬಾರದೇ? ಇಲ್ಲ. "ಗದ್ದಲ ಹಾಕುವ ಗಂಡ ನನಗೆ ಬೇಡ ಅಪ್ಪಾಜಿ, ಯೋಚನೆ ಮಾಡುವವನು ಬೇಕು" ಎಂದು ಅದನ್ನೇ ಒಗಟು ಮಾಡಿದಳು. ತಲೆಯ ಮಾತನ್ನು ಸೇರಿಸಿದ್ದು ರಾಜನ ಸಿಟ್ಟು.

ಡಂಗುರ ಕೇಳಿ ಅರಮನೆಯ ಯಂತ್ರಾಧಿಕಾರಿ ರುದ್ರಸೇನ ಹಿಗ್ಗಿಹೋದ. ಆರು ವರ್ಷದಿಂದ ಅವನಿಗೆ ರಾಜಕುಮಾರಿ ಎಂದರೆ ಪ್ರಾಣ. ಈ ಗೆಲುವು ತನಗಲ್ಲದೆ ಇನ್ಯಾರಿಗೆ ಎಂದುಕೊಂಡು ಹೊಸ ಪೇಟ ಸುತ್ತಿಕೊಂಡು ಸಭೆಗೆ ಬಂದ.

ಮೊದಲು ಎದ್ದವನು ರಾಜಕುಮಾರ ಅಮೋಘಭೂಪ. ಇಂದುಲೇಖೆ ಕೇಳಿದಳು, "ಬಂದವರನ್ನೆಲ್ಲ ಒಳಕ್ಕೆ ಕಳಿಸುತ್ತಾನೆ, ಯಾರ ಮನೆಗೆ ಎಂದು ಅವನಿಗೇ ತಿಳಿಯದು. ಅತಿಥಿ ತಪ್ಪು ಮನೆ ಹೊಕ್ಕರೆ ಊರೆಲ್ಲ ಅವನನ್ನೇ ಬಯ್ಯುತ್ತದೆ. ಯಾರವನು?"

"ಕುರುಡ ಅಂಬಿಗ!" ಎಂದ ಅಮೋಘಭೂಪ. ಭಟರು ಅವನ ರಟ್ಟೆ ಹಿಡಿದು ಕಂಬದ ಹತ್ತಿರ ನಿಲ್ಲಿಸಿ ಹಗ್ಗ ಬಿಗಿದರು. ಹಿಂದೆ ಬಂದ ಸಾಹುಕಾರನ ಮಗ "ಗಾಳಿ" ಎಂದು ಅವನ ಪಕ್ಕಕ್ಕೆ ಹೋಗಿ ನಿಂತ.

ಅಷ್ಟರಲ್ಲಿ ಊಟದ ಮನೆಯ ಮಾಳಿಂಗ ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ ಬಂದು, "ನಾನೂ ಒಂದು ಮಾತು ಹೇಳಬಹುದಾ ತಾಯಿ?" ಎಂದ. ಪಂಕ್ತಿಯಲ್ಲಿ ಯಾರ ಎಲೆ ಎಲ್ಲಿ ಎಂದು ನೋಡಿ ಕೂರಿಸುವುದು ಅವನ ಕೆಲಸ. ರಾಜಕುಮಾರಿ ಅವನನ್ನು ನೋಡಿ ನಕ್ಕಳು. ಅಯ್ಯೋ, ಆ ನಗು! ರುದ್ರಸೇನ ಹೊಸ ಪೇಟವನ್ನು ಎಳೆದು ಸರಿಮಾಡಿಕೊಂಡ. ಆರು ವರ್ಷದಲ್ಲಿ ತನ್ನ ಕಡೆಗೆ ಒಮ್ಮೆಯೂ ಬಾರದ ನಗು, ಎಲೆ ಹಾಕುವವನಿಗೆ! ಇನ್ನೂ ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ. ಮಾಳಿಂಗನನ್ನು ಹಿಂದಕ್ಕೆ ತಳ್ಳಿ ತಾನೇ ಮುಂದೆ ಬಂದ.

"ಮೊದಲನೆಯದು ಬ್ರೌಸರ್" ಎಂದ. ಸರಿ ಇತ್ತು. ರಾಜಕುಮಾರಿ ಎರಡನೆಯದು ಕೇಳಿದಳು, "ಕೊನೆಗೆ ಬಂದವನು ಮೊದಲ ಮಣೆಯಲ್ಲಿ ಕೂತ. ಮೊದಲಿದ್ದವನು ಮನೆಯಲ್ಲೇ ಇದ್ದಾನೆ, ಅವನನ್ನು ಕರೆಯುವವರಿಲ್ಲ. ಯಾರಿವರು?"

"ವೈರಸ್! ಬ್ರೌಸರಿಗೆ ವೈರಸ್ ತಗುಲಿದೆ. ಅದಕ್ಕೇ ನಾನು ಮೂರು ಸಲ ಅದನ್ನು ಕಿತ್ತು ಹಾಕಿದ್ದು."

"ಕಿತ್ತು ಹಾಕಿ ಏನಾಯಿತು?"

"ಮತ್ತೆ ಲಾವಣಿ..." ಎನ್ನುವಾಗ ಅವನ ದನಿ ಇಳಿಯಿತು. ಭಟರು ಅವನನ್ನೂ ಕಂಬಕ್ಕೆ ತಂದರು. ಈ ಮಾಳಿಂಗನೂ ಸೋಲಲಿ, ಇವನ ಕುತ್ತಿಗೆಯೂ ನನ್ನ ಜೊತೆಗೇ ಹೋಗಲಿ ಎಂದು ಅಲ್ಲಿಂದಲೇ ದೇವರಲ್ಲಿ ಬೇಡಿಕೊಂಡ.

ಈಗ ಮಾಳಿಂಗನ ಸರದಿ. ಬಿಡಿಸದೆ ಉಳಿದ ಎರಡನೆಯದರ ಜೊತೆಗೆ ರಾಜಕುಮಾರಿ ಮೂರನೆಯ ಒಗಟನ್ನೂ ಅವನಿಗೆ ಹೇಳಿದಳು: "ಒಂದೇ ಸಾಲಿನ ಬರಹ. ಓದುವವರಿಲ್ಲ, ಆದರೂ ಮನೆಯೆಲ್ಲ ಅದರಂತೆ ನಡೆಯುತ್ತದೆ. ಯಾವುದನ್ನೂ ಒಡೆಯದೆ ಅದನ್ನು ತಿದ್ದುವವರು ಯಾರು?"

ಮಾಳಿಂಗ ಕೈ ಮುಗಿದ. "ತಾಯೀ, ನಮ್ಮ ಊಟದ ಮನೆಯಲ್ಲಿ ಹೊಸ ನೆಂಟರು ಬಂದರೆ ಮೊದಲ ಎಲೆ ಅವರಿಗೆ. ಗೋಡೆಯ ಪಟ್ಟಿಯಲ್ಲಿ ಹೆಸರು ತಿದ್ದುವವರೆಗೂ ಅವರು ಏಳುವುದಿಲ್ಲ. ಬಾಗಿಲಿನವನು 'ಒಳಗೆ ಹೋಗಿ' ಅಂತಾನೆ ಅಷ್ಟೆ, ಕೂರಿಸುವುದು ಪಟ್ಟಿ. ಬ್ರೌಸರ್ ಬಾಗಿಲಿನವನು. ಫೋಲ್ಡರನ್ನು ಯಾರು ತೆರೆಯಬೇಕು ಅಂತ ಯಂತ್ರದೊಳಗೆ ಒಂದು ಸಾಲಿನ ಪಟ್ಟಿ ಇರಬೇಕು. ಕೊನೆಗೆ ಬಂದ ಹಾಡಿನ ಆಪ್ ಅದರಲ್ಲಿ ತನ್ನ ಹೆಸರು ಬರೆದುಕೊಂಡಿದೆ. ಫೈಲ್ ತೋರಿಸುವ ಹಳೆಯ ಆಪ್ ಮೂಲೆಯಲ್ಲಿ ಕೂತಿದೆ. ಬ್ರೌಸರನ್ನು ಎಷ್ಟು ಸಲ ಕಿತ್ತರೂ ಪಟ್ಟಿ ಬದಲಾಗುತ್ತಾ?"

ರಾಜಕುಮಾರಿ ಕಂಪ್ಯೂಟರನ್ನು ಅವನ ಮುಂದಿಟ್ಟಳು. ಮಾಳಿಂಗ ಸೆಟ್ಟಿಂಗ್ ತಡಕಾಡಿ, ಫೋಲ್ಡರ್ ಎಂಬ ಸಾಲಿನಲ್ಲಿ ಹಾಡಿನ ಆಪ್ ಹೆಸರು ತೆಗೆದು ಹಳೆಯ ಆಪ್ ಹೆಸರು ಇಟ್ಟ. ಒತ್ತಿದ. ಸಂಧಿಪತ್ರ ಕಣ್ಣೆದುರಿಗೆ ಬಂತು. ಸಭೆಯೆಲ್ಲ 'ಭಲೇ' ಎಂದಿತು.

"ಆ ಹಾಡಿನ ಆಪ್ ಹಾಕಿದವನು ಯಾರು?" ರಾಜ ಗುಡುಗಿದ.

ರುದ್ರಸೇನ ತಲೆ ತಗ್ಗಿಸಿದ. ರಾಜಕುಮಾರಿಯ ಹುಟ್ಟುಹಬ್ಬಕ್ಕೆ ಪ್ರೀತಿಯಿಂದ ಅದನ್ನು ಹಾಕಿಕೊಟ್ಟವನು ಅವನೇ. ಮಾಳಿಂಗನ ಕಣ್ಣು ಅವನ ಮೇಲೆ ಬಿತ್ತು. ಇವನಿಗೆ ಗೊತ್ತಾಗಿದೆ, ಹೇಳಿಬಿಡುತ್ತಾನೆ ಎಂದುಕೊಂಡ ರುದ್ರಸೇನ.

"ಯಾರೋ ಪ್ರೀತಿಯಿಂದ ಹಾಕಿದ್ದಾರೆ ಪ್ರಭು, ಬಿಡಿ" ಎಂದ ಮಾಳಿಂಗ. "ನನಗೆ ಅರ್ಧ ರಾಜ್ಯ ಬೇಡ. ಅದರ ಬದಲು ಕಂಬದ ಹತ್ತಿರ ಇರುವ ಮೂರು ತಲೆ ಕೊಡಿ. ಅದರಲ್ಲಿ ಈ ರುದ್ರಸೇನರನ್ನು ನನ್ನ ಹತ್ತಿರವೇ ಬಿಡಿ. ಈ ಯಂತ್ರದಲ್ಲಿ ನನಗೆ ಗೊತ್ತಿರುವುದು ಒಂದೇ ಸಾಲು, ಉಳಿದದ್ದು ಅವರೇ ಕಲಿಸಬೇಕು."

ರಾಜಕುಮಾರಿ ಮತ್ತೆ ನಕ್ಕಳು. ಭಟರು ಹಗ್ಗ ಬಿಚ್ಚಿದರು. ರುದ್ರಸೇನ ಕಂಬದ ಬುಡದಲ್ಲೇ ಕೂತ. ಯಾರ ಕುತ್ತಿಗೆ ಹೋಗಲೆಂದು ಈಗಷ್ಟೇ ದೇವರನ್ನು ಬೇಡಿದ್ದನೋ, ಅವನು ಪಕ್ಕದಲ್ಲಿ ಬಂದು ಕೂತು, "ಎಲ್ಲಿಂದ ಶುರುಮಾಡೋಣ, ಗುರುಗಳೇ?" ಎಂದು ಕೇಳುತ್ತಿದ್ದ.