ಇಮಾಮಸಾಬನ ಕೌದಿ ಖೋಲಿ

ಯಾವ ಕಾಲ, ಯಾವ ವರ್ಷ ಅಂತ ಕೇಳಬ್ಯಾಡ್ರಿ, ಹಿಂದಕ ಒಂದೂರಾಗ ಇಮಾಮಸಾಬ ಅನ್ನಾಂವ ಇದ್ದ. ಹತ್ತಿ ತುಂಬೋ ಹಳೇ ಗೋದಾಮಿನ್ಯಾಗ ಹಾಡು ರೆಕಾರ್ಡ್ ಮಾಡತಿದ್ದ. ಇದ್ದದ್ದು ಒಂದ ಮೈಕು. ಹೊರಗಿನ ಗದ್ದಲ ಒಳಗ ಬರಬಾರದಂತ ಗ್ವಾಡಿಗೆಲ್ಲ ಹಳೇ ಅರಿವಿ ಹೊಲದ ದಪ್ಪನ ಕೌದಿ ಹೊಡದಿದ್ದ. ಹಾಡಾಕ ಬಂದಾಕಿ ಕೈಯಾಗಿನ ಬಳಿ ಸಪ್ಪಳಾಗದಂಗ ಅರಿವಿ ಸುತ್ತಕೋಬೇಕು, ಗಡಿಯಾರ ನಿಲ್ಲಿಸಬೇಕು. ಅಲ್ಲಿ ಇರುವಿ ನಡದ್ರೂ ಅಂವಗ ಕೇಳತಿತ್ತಂತ. ನಾ ನಂಬತೀನಿ, ನೀವು ಬಿಟ್ರ ಬಿಡ್ರಿ.

ಆ ಊರಾಗ ಬಾಳವ್ವ ಅಂತ ಮುದುಕಿ. ಆಕಿ, ಆಕಿ ಗೆಳತಿ ದ್ಯಾಮವ್ವ, ಇಬ್ಬರೂ ಒಂದ ಬೀಸುಕಲ್ಲಿಗೆ ಎದುರಾಬದರು ಕುಂತು ಹದಿನೆಂಟು ನುಡಿ ಹಾಡು ಕಟ್ಟಿದ್ರಂತ. ದ್ಯಾಮವ್ವ ತೀರಿಹೋಗಿದ್ಲು. ಬಾಳವ್ವಗೂ ಉಸಿರು ಕಡಿಮಿ ಆಗಿತ್ತು. ಮತ್ತ್ಯಾರಿಗೂ ಆ ಹಾಡು ಬರತಿರಲಿಲ್ಲ. ಹ್ಯಾಂಗರೆ ಮಾಡಿ ಅದನ್ನ ಉಳಿಸಬೇಕಂತ ಇಮಾಮಸಾಬ ಆಕಿನ್ನ ಕರಕೊಂಡು ಬಂದ. ಹಾರ್ಮೋನಿಯಂ ನುಡಸಾಕ ವೀರಭದ್ರಪ್ಪ ಮಾಸ್ತರನ್ನ ಕರೆಸಿದ.

ಮೂರು ದಿನ ಆದ್ರೂ ಮುದುಕಿ ಮೊದಲ ನುಡಿ ದಾಟಲಿಲ್ಲ. ಮಾಸ್ತರ ಸ್ವರ ಕೊಟ್ಟಷ್ಟೂ ಆಕಿ ಮರೀತಿದ್ಲು. ಕಡೀಕ ಅಂದ್ಲಂತ: “ತಮ್ಮಾ, ಹಾಡು ನನ್ನ ಬಾಯಾಗಿಲ್ಲ. ಬೀಸೋ ರಟ್ಟ್ಯಾಗ ಐತಿ.”

ಇಮಾಮಸಾಬಗ ಸಂಕಟ ಆತು. ಜೀವಮಾನವೆಲ್ಲ ಗದ್ದಲ ಹೊರಗಿಟ್ಟಾಂವ, ಈಗ ಬೀಸುಕಲ್ಲು ಒಳಗ ತರೂದಾ? ಖರೆ, ಹಾಡ ಹೋದ್ರ ಈ ಕೌದಿ ಕಟಗೊಂಡು ಏನ ಮಾಡೂದು ಅಂತ ಎದ್ದ. ಹೋಗಿ ಕಲ್ಲು ಹೊರಸಕೊಂಡು ಬಂದ, ಒಂದ ಸೇರು ಜ್ವಾಳಾನೂ ತಂದ.

ಬಾಳವ್ವ ಕಲ್ಲಿನ ಗೂಟ ಹಿಡದ್ಲು, ಮತ್ತ ಬಿಟ್ಲು. ಎದುರು ದ್ಯಾಮವ್ವನ ಕೈ ಇರಲಿಲ್ಲ. ಆಗ ಮಾಸ್ತರ, ಸಭಾದಾಗ ಯಾರ ಹಾಡಿಗೂ ಹಿಂದ ಕುಂತು ನುಡಿಸದ ಆ ಮಾಸ್ತರ, ಹಾರ್ಮೋನಿಯಂ ಬಾಜೂಕ ಸರಿಸಿ, ಧೋತರ ಎತ್ತಿಕಟ್ಟಿ ಎದುರು ಕುಂತ. ಅಂವ ಎಳದದ್ದು ನೋಡಿ ಮುದುಕಿ ಬೈದ್ಲಂತ, ದ್ಯಾಮವ್ವ ಹಿಂಗ ಜಗ್ಗತಿರಲಿಲ್ಲ ಅಂತ. ಬೈಕೋತನ ಹಾಡು ಹಿಡದ್ಲು. ಇಮಾಮಸಾಬ ಒಂದು ಕೌದಿ ಮಡಚಿ ಕಲ್ಲಿನ ಬುಡಕ ಸೇರಿಸಿದ, ಮೈಕು ಎರಡು ಗೇಣು ಹಿಂದಕ ಒಯ್ದ. ಆವಾಗ ಕಲ್ಲು ಶ್ರುತಿ ಹಿಡದಂಗ ಕೇಳತಂತ. ಮಾಸ್ತರನ ಅಂಗೈ ಬೊಬ್ಬಿ ಎದ್ದು ಒಡದ್ರೂ ಅಂವ ಗೂಟ ಬಿಡಲಿಲ್ಲ. ಹದಿನೆಂಟೂ ನುಡಿ ಬಂದ್ವು.

ಹಾಡ ಮುಗದ ಮ್ಯಾಲ ಬಾಳವ್ವ ಹಿಟ್ಟು ಮುಟ್ಟಿ ನೋಡಿ, “ದ್ಯಾಮವ್ವ, ಹಿಟ್ಟು ಸಣ್ಣಗ ಬಂತ ನೋಡ” ಅಂದ್ಲು. ಕೆಮ್ಮು ಬಂದ್ರೂ ಟೇಪು ಕತ್ತರಿಸೋ ಇಮಾಮಸಾಬ ಆ ಮಾತು ಕತ್ತರಿಸಲಿಲ್ಲ.

ಇವತ್ತಿಗೂ ಆ ಖೋಲ್ಯಾಗ ಹಾಡ ಹಿಡಿಯೋ ಮೊದಲು ಹಾಡಾವರೊಬ್ಬರು, ನುಡಸಾವರೊಬ್ಬರು ಎದುರಾಬದರು ಕುಂತು ಬೊಗಸಿ ಜ್ವಾಳ ಬೀಸತಾರ. ಹಿಟ್ಟು ಸಣ್ಣಗ ಬರೋ ತನಕ ಯಾರೂ ಮೈಕು ಹಚ್ಚೂದಿಲ್ಲ.