ಬರೆಯದೆ ಬಿಟ್ಟ ಹತ್ತೊಂಬತ್ತು

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಮರುಳಯ್ಯ ಎಂಬ ವೈದ್ಯರಿದ್ದರು. ರೋಗಿಗಳನ್ನು ನೋಡುತ್ತಿದ್ದರು, ಬಂದವರಿಗೆ ವಿದ್ಯೆ ಕಲಿಸುತ್ತಿದ್ದರು.

ಅವರ ಶಿಷ್ಯೆ ದೇವೀರಮ್ಮ ನುಗ್ಗೆಸೊಪ್ಪು, ಹುರುಳಿ ಸೇರಿಸಿ ಒಂದು ಗಂಜಿಪುಡಿ ಮಾಡಿದಳು. ರಕ್ತ ಕಡಿಮೆಯಿದ್ದ ತೊಂಬತ್ತಾರು ಬಸುರಿಯರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಳು. ಒಂದಕ್ಕೆ ತನ್ನ ಗಂಜಿ, ಇನ್ನೊಂದಕ್ಕೆ ಬರೀ ರಾಗಿಗಂಜಿ. ಕಬ್ಬಿಣದ ಮಾತ್ರೆ ಎಲ್ಲರಿಗೂ ಇತ್ತು.

ಮೂರು ತಿಂಗಳ ಮೇಲೆ ರಕ್ತ ಅಳೆದಳು. ಎರಡೂ ಗುಂಪು ಒಂದೇ.

ತೂಕ ಅಳೆದಳು, ನಿದ್ದೆ ಕೇಳಿದಳು, ಹಸಿವು, ತಲೆಸುತ್ತು, ಕಾಲಿನ ಬಾವು ಎಲ್ಲ ನೋಡಿದಳು. ಹೀಗೆ ರಕ್ತವೂ ಸೇರಿ ಇಪ್ಪತ್ತು ಅಳತೆ. ಹತ್ತೊಂಬತ್ತರಲ್ಲಿ ಏನೂ ಇಲ್ಲ. ಒಂದರಲ್ಲಿ ಮಾತ್ರ ವ್ಯತ್ಯಾಸ ಕಂಡಿತು: ಅವಳ ಗಂಜಿ ಕುಡಿದವರಿಗೆ ಏದುಸಿರು ಕಡಿಮೆ.

ಆ ಒಂದನ್ನು ಬರೆದು ಗುರುಗಳ ಮುಂದಿಟ್ಟಳು.

"ಇದು ಬರೀ ಆಕಸ್ಮಿಕವಾಗಿದ್ದರೆ?"

"ಪುಡಿಯಲ್ಲಿ ಗುಣವೇ ಇಲ್ಲದಿದ್ದರೆ ಇಷ್ಟು ವ್ಯತ್ಯಾಸ ಇಪ್ಪತ್ತರಲ್ಲಿ ಒಂದು ಸಲ ಕಂಡೀತು, ಅಷ್ಟೇ."

"ನೀನು ಎಷ್ಟು ಅಳೆದೆ?"

ದೇವೀರಮ್ಮ ನೆಲ ನೋಡಿದಳು. "ಇದೊಂದನ್ನೇ."

ಗುರುಗಳು ಸಹಿ ಹಾಕಿದರು.

ಪುಡಿ ಊರೂರಿಗೆ ಹೋಯಿತು. ಮಾತ್ರೆ ನುಂಗಿದರೆ ಹೆಂಗಸರಿಗೆ ಹೊಟ್ಟೆ ತೊಳಸುತ್ತಿತ್ತು. "ಇದಿದ್ದರೆ ಅದನ್ನ ಬಿಡಬಹುದೇನಮ್ಮ?" ಎಂದು ಕೇಳಿದರು.

"ಬಿಡಿ" ಎಂದಳು ದೇವೀರಮ್ಮ. ಅಷ್ಟು ಹೊತ್ತಿಗೆ ಅವಳೂ ಅದನ್ನು ನಂಬಿದ್ದಳು.

ಆರು ತಿಂಗಳಿಗೆ ಸಾಕವ್ವ ಎಂಬ ಹೆಂಗಸು ಆಶ್ರಮಕ್ಕೆ ಬಂದಳು. ಅವಳ ತಂಗಿ ಮಾತ್ರೆ ಬಿಟ್ಟು ಗಂಜಿ ಕುಡಿದಿದ್ದಳು. ಹೆರಿಗೆಯಲ್ಲಿ ರಕ್ತ ಹೋಯಿತು. ಹೋಗಲು ಅವಳ ಮೈಯಲ್ಲಿ ಹೆಚ್ಚು ಇರಲಿಲ್ಲ.

ಸಾಕವ್ವ ಅಳಲಿಲ್ಲ. ಉಳಿದಿದ್ದ ಪುಡಿಯ ಡಬ್ಬಿ ಜಗಲಿಯ ಮೇಲಿಟ್ಟಳು. "ಮಗು ಉಳೀತು" ಎಂದಳು.

ಗುರುಗಳು ದೇವೀರಮ್ಮನನ್ನು ಮತ್ತೆ ಕೇಳಿದರು. "ಎಷ್ಟು ಅಳೆದೆ?"

"ಇಪ್ಪತ್ತು."

ಮರುಳಯ್ಯ ಡಬ್ಬಿಯನ್ನು ಅವಳ ಮುಂದಕ್ಕೆ ಸರಿಸಿದರು.

ದೇವೀರಮ್ಮ ಅದನ್ನು ಮುಟ್ಟಲಿಲ್ಲ. "ಮಾತ್ರೆ ನುಂಗಿದವರೂ ಸಾಯುತ್ತಾರೆ, ಗುರುಗಳೇ. ಒಂದು ಸಾವಿನಿಂದ ಏನೂ ಸಾಬೀತಾಗುವುದಿಲ್ಲ."

"ಒಂದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಆವತ್ತು ಗೊತ್ತಿರಲಿಲ್ಲವೇ?"

ಅವರು ಸಾಕವ್ವನ ಕಡೆ ತಿರುಗಿದರು.

"ಈಕೆಗೆ ಹೇಳು" ಎಂದರು.

"ಆ ಲೆಕ್ಕಾಚಾರ ಇವರಿಗೆ ಹೇಗೆ ಅರ್ಥವಾಗುತ್ತೆ?"

"ಹೇಳು."

ದೇವೀರಮ್ಮ ಹೇಳಿದಳು, ತಡವರಿಸುತ್ತ, ಮೊದಲಿಂದ ಕೊನೆವರೆಗೆ.

ಸಾಕವ್ವ ಕೇಳಿಸಿಕೊಂಡಳು. "ನೀನು ಇಪ್ಪತ್ತು ಕಲ್ಲು ಬೀಸಿದೆ. ಒಂದು ಹಣ್ಣಿಗೆ ತಾಗಿತು. ಗುರಿ ತಪ್ಪದೋಳು ಅಂತ ಡಂಗುರ ಸಾರಿದೆ. ಇಷ್ಟೇ ತಾನೆ?"

"ಇಷ್ಟೇ."

ಸಾಕವ್ವ ಎದ್ದು ಹೋದಳು. ಡಬ್ಬಿ ಅಲ್ಲೇ ಉಳಿಯಿತು.

"ನಾನು ಆಶ್ರಮ ಬಿಟ್ಟು ಹೋಗುತ್ತೇನೆ" ಎಂದಳು ದೇವೀರಮ್ಮ.

"ಅದು ಸುಲಭ. ಸಹಿ ನನ್ನದೂ ಇದೆ. ನಾನು ಎಲ್ಲಿಗೆ ಹೋಗಲಿ? ಮೊದಲು ಆ ಹತ್ತೊಂಬತ್ತನ್ನು ಬರೆ."

ಬರೆದಳು. ಇಬ್ಬರೂ ಸಹಿ ಹಾಕಿ ಊರೂರಿಗೆ ಕಳಿಸಿದರು. ಒಂದು ಊರಿಂದಲೂ ಉತ್ತರ ಬರಲಿಲ್ಲ. ಪುಡಿ ಕೇಳಿಕೊಂಡು ಮಾತ್ರ ಜನ ಬರುತ್ತಲೇ ಇದ್ದರು.

ಗುರುಗಳು ಕೋಲು ಹಿಡಿದು ಎದ್ದರು. ಇಬ್ಬರೂ ನಡೆದೇ ಹೊರಟರು.

ಮೊದಲ ಊರಿನ ಮೊದಲ ಮನೆಯಲ್ಲಿ ಒಬ್ಬ ತುಂಬು ಬಸುರಿ ಗಂಜಿ ಕದಡುತ್ತಿದ್ದಳು. ದೇವೀರಮ್ಮನನ್ನು ಕಂಡು ಮುಖ ಅರಳಿಸಿದಳು. "ನಿಮ್ಮ ಗಂಜೀನೇ ಅಮ್ಮ!"

"ಇದನ್ನು ನಂಬಬೇಡ, ತಾಯಿ. ಮಾತ್ರೆ ತಗೋ."

ಹುಡುಗಿಯ ಕೈ ನಿಂತಿತು. "ಮಾತ್ರೆ ಬಿಡು ಅಂದೋರು ಯಾರು?"

"ನಾನೇ."

"ಅವತ್ತು ಹಾಗಂದ್ರಿ, ಇವತ್ತು ಹೀಗಂತೀರಿ. ನಿಮ್ಮನ್ನ ಹೇಗೆ ನಂಬಲಿ?"

ದೇವೀರಮ್ಮ ಗುರುಗಳ ಮುಖ ನೋಡಿದಳು.

ಮರುಳಯ್ಯ ಬಾಗಿಲಲ್ಲೇ ನಿಂತು ಕೈ ಮುಗಿದರು. "ನಮ್ಮನ್ನು ನಂಬಬೇಡ, ತಾಯಿ. ಮಾತ್ರೆ ನುಂಗು."