ಮದ್ದಿನ ಗಾಡಿಗಳು

ಪೂಜ್ಯ ಗುರುಶಾಂತ ಸ್ವಾಮಿಗಳವರು ಆ ವರ್ಷ ಹಿರೇಗುಡ್ಡದ ಕೋಟೆಯ ಕೆಳಗೆ, ಚಾವಣಿ ಅರ್ಧ ಕುಸಿದಿದ್ದ ಮಂಟಪವೊಂದರಲ್ಲಿ ತಂಗಿದ್ದರು. ಪಕ್ಕದ ಸೀಮೆಯ ಪಾಳೆಯಗಾರನೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಶ್ರೀಗಳು ಮಾತ್ರ ದಿನವಿಡೀ ಒರಳಿನ ಮುಂದೆ ಕುಳಿತು ಬೇರು, ನಾರು ಕುಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಕೋಟೆಯ ತೋಪುಗಳ ಮುಖ್ಯಸ್ಥ ತಿಪ್ಪನಾಯಕ ಅಲ್ಲಿಗೆ ಬಂದ. ಹೊಸದಾಗಿ ಎರಕ ಹೊಯ್ಸಿದ ತೋಪಿಗೆ ಹಚ್ಚಲು ಅವನಿಗೆ ಶ್ರೀಗಳ ವಿಭೂತಿ ಬೇಕಿತ್ತು. ಆ ತೋಪೂ ಒಂದು ದುರ್ಬೀನೂ ಕೈಸೇರಿದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೇಹಿನವರ ಮಾತನ್ನೂ ಅರ್ಧಕ್ಕೇ ತಡೆದು "ಗೊತ್ತು ಬಿಡ್ರೋ" ಎನ್ನುತ್ತಿದ್ದನಂತೆ.

"ಹಳ್ಳದ ದಂಡೇಲಿ ವೈರಿ ಬೀಡು ಬಿಟ್ಟವ್ನೆ ಬುದ್ಧಿ. ನಾಲ್ಕು ಗಾಡಿ ಮದ್ದು ಬಂತು ಅಂತ ಅಲ್ಲಿಯವರೇ ಆಡಿದ್ದನ್ನ ನಮ್ಮ ಬೇಹಿನವನು ರಾತ್ರಿ ಕತ್ತಲಲ್ಲಿ ಕೇಳವ್ನೆ. ದುರ್ಬೀನಲ್ಲಿ ನಾನೂ ಗಾಡಿ ಕಂಡೆ. ತೋಪು ತುಂಬಿಸಿಟ್ಟೀನಿ. ಒಂದೇ ಗುಂಡು, ಎಲ್ಲಾ ಬೂದಿ!"

ಶ್ರೀಗಳು ಕುಟ್ಟುವುದನ್ನು ನಿಲ್ಲಿಸಿದರು. "ಆ ಮದ್ದು ಕುಟ್ಟಿದವನು ನಾನೇ ಕಣಪ್ಪ" ಎಂದರು.

ತಿಪ್ಪನಾಯಕ ನಂಬಲಿಲ್ಲ. ದುರ್ಬೀನಿನ ಮುಂದೆ ಜಂಗಮರ ಮಾತು ಯಾವ ಲೆಕ್ಕ! ಶ್ರೀಗಳು ವಾದಕ್ಕಿಳಿಯದೆ ಕಷಾಯದ ಗಡಿಗೆಯನ್ನು ಹೆಗಲಿಗೇರಿಸಿ, "ನಡಿ, ಹತ್ತಿರ ಹೋಗಿ ನೋಡು" ಎಂದು ಹೊರಟೇಬಿಟ್ಟರು. ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ಅವನೂ ಹಿಂದೆ ನಡೆದ.

ದಂಡೆಯಲ್ಲಿ ಒಬ್ಬ ಸೈನಿಕನೂ ಇರಲಿಲ್ಲ. ಜ್ವರ ಹತ್ತಿ ಊರು ಬಿಟ್ಟ ಮುದುಕರು, ಬಾಣಂತಿಯರು, ಕೂಸುಗಳು ಹಚ್ಚಡ ಕಟ್ಟಿದ ನೆರಳಲ್ಲಿ ಮಲಗಿದ್ದರು. ಗಾಡಿಗಳ ತುಂಬ ಅಮೃತಬಳ್ಳಿ, ನೆಲಬೇವು, ಒಣಶುಂಠಿ. ಔಷಧಿಯನ್ನೂ ನಮ್ಮ ಜನ ಮದ್ದೆಂದೇ ಕರೆಯುತ್ತಾರೆಂಬುದು ಬೇಹಿನವನಿಗೂ ಹೊಳೆದಿರಲಿಲ್ಲ, ನಾಯಕನಿಗೂ ಹೊಳೆದಿರಲಿಲ್ಲ.

ಮುದುಕಿಯೊಬ್ಬಳು ಅವನ ರುಮಾಲಿನ ಗುರುತು ಹಿಡಿದು ಮೊಣಕೈ ಊರಿ ಎದ್ದಳು. "ಕೋಟೆ ನಾಯಕ್ರಲ್ವಾ? ಕಾಡಿಗೆ ಹೋಗಾನ ಅಂದ್ರು ಎಲ್ರೂ. ನಾನೇ ಬ್ಯಾಡ ಅಂದೆ. ನಮ್ಮ ತೋಪು ಮೇಲೈತಲ್ಲ, ಅದರ ಕೆಳಗಿದ್ರೆ ನಮ್ಮನ್ಯಾರು ಮುಟ್ಟಾರು?"

ತಿಪ್ಪನಾಯಕ ಅವಳ ಪಾದಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. "ಯಾಕಪ್ಪಾ, ನೀನೇನು ಮಾಡ್ದೆ?" ಎಂದು ಅವಳು ಗಾಬರಿಯಾದಳು.

ಶ್ರೀಗಳು ಕಷಾಯದ ಬಟ್ಟಲನ್ನು ಅವನ ಕೈಗಿತ್ತು, "ಮೊದಲು ಕುಡಿಸು" ಎಂದರು. ಅವನು ಕಣ್ಣೊರೆಸಿಕೊಂಡು, ಮುದುಕಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದ.